ಹೆದರಿಕೆ ಹೋಯ್ತು, ಸ್ಕ್ಯಾನರ್ ಯಾಕೆ ಉಳೀತು?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ನೋಡಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದು ನೆನಪಿದೆ ಅಲ್ವಾ? ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರೆಲ್ಲ ಗಾಬರಿಯಾದರು. ಬೆಂಗಳೂರಿನಲ್ಲಿ ಜಾಸ್ತಿ, ನಮ್ಮ ಮೈಸೂರು ಮಂಡ್ಯದ ಕಡೆ ಅಲ್ಲೊಂದು ಇಲ್ಲೊಂದು, ಅಂಗಡಿ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ಬೋರ್ಡ್ ಬಿತ್ತು. ಗಿರಾಕಿಗಳು ತಬ್ಬಿಬ್ಬಾದರು. ಒಂದು ಟೀ, ಎರಡು ಬನ್ನು ತೊಗೊಂಡವರ ಜೇಬಲ್ಲಿ ಅಷ್ಟು ಚಿಲ್ಲರೆಯೂ ಇರಲಿಲ್ಲ.

ಹತ್ತು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ 'ಸ್ಕ್ಯಾನರ್ ಇದ್ಯಾ' ಅಂತ ಕೇಳಿದ್ದರೆ ನಮ್ಮ ಮುಖವನ್ನೇ ನೋಡುತ್ತಿದ್ದರು. ಊರಿಗೆ ಊರೇ ಗೊತ್ತಿಲ್ಲದ ಒಂದು ಅಭ್ಯಾಸ, ಕಿತ್ತುಹಾಕಿದರೆ ನೋವಾಗುವಷ್ಟು ಯಾವಾಗ ಬೇರುಬಿಟ್ಟಿತು? ಯಾರನ್ನು ಕೇಳಿದರೂ 'ಕೊರೊನಾ ಟೈಮಲ್ಲಿ' ಅಂತಾರೆ. ಅದು ಅರ್ಧ ಉತ್ತರ. ಯಾಕಂದ್ರೆ ಅದೇ ಕೊರೊನಾ ಟೈಮಲ್ಲಿ ಮಾಸ್ಕ್ ಹಾಕೋದು ಕಲಿತೆವು, ತರಕಾರಿಗೆಲ್ಲ ಉಪ್ಪುನೀರಿನ ಸ್ನಾನ ಮಾಡಿಸಿದೆವು, ಹತ್ತಿರ ಸೋಂಕಿತರಿದ್ದರೆ ಎಚ್ಚರಿಸೋ ಆರೋಗ್ಯ ಸೇತು ಆ್ಯಪ್ ಹಾಕಿಕೊಂಡೆವು, ಮಕ್ಕಳನ್ನು ಮೊಬೈಲ್ ಮುಂದೆ ಕೂರಿಸಿ ಪಾಠ ಕೇಳಿಸಿದೆವು. ಅವೆಲ್ಲ ಎಲ್ಲಿ ಹೋದವು? ರೋಗ ಒಂದೇ, ಹೆದರಿಕೆ ಒಂದೇ, ಜನ ನಾವೇ. ಕೆಲವು ಉಳಿದವು, ಕೆಲವು ಮಾಯ. ಯಾಕೆ ಅಂತ ನೋಡೋಣ.

ಕೇಳೋದು, ಮಾಡಿ ನೋಡೋದು, ಮುಂದುವರಿಸೋದು

'ಜನ ಹೊಸದನ್ನು ಒಪ್ಪಿಕೊಂಡರು' ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ನಿಜಕ್ಕೂ ಅದರಲ್ಲಿ ಮೂರು ಬೇರೆ ಬೇರೆ ಹಂತ ಇವೆ. ಅಂಥದ್ದೊಂದು ಇದೆ ಅಂತ ಕಿವಿಗೆ ಬೀಳೋದು ಮೊದಲನೆಯದು. ಒಂದು ಸಲ ಕೈಯಾರೆ ಮಾಡಿ ನೋಡೋದು ಎರಡನೆಯದು. ಯಾರೂ ಹೇಳದಿದ್ದರೂ ಅದನ್ನೇ ಮಾಡುತ್ತಾ ಹೋಗೋದು ಮೂರನೆಯದು. ಈ ಮೂರಕ್ಕೂ ಕಾರಣಗಳು ಬೇರೆ ಬೇರೆ.

ಯುಪಿಐ ಉದಾಹರಣೆಯನ್ನೇ ತೊಗೊಳ್ಳಿ. ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದು ಖಾತೆಗೆ ಮೊಬೈಲ್‌ನಲ್ಲೇ ತಕ್ಷಣ ದುಡ್ಡು ಕಳಿಸುವ ವ್ಯವಸ್ಥೆ ಅದು. ಫೋನ್‌ಪೇ, ಗೂಗಲ್‌ಪೇ ಇವೆಲ್ಲ ಆ ವ್ಯವಸ್ಥೆಯನ್ನು ಬಳಸಲು ಇರುವ ಆ್ಯಪ್‌ಗಳು. ಶುರುವಾಗಿದ್ದು 2016ರಲ್ಲಿ. 2019ರ ಹೊತ್ತಿಗೆ ಹೆಸರು ಬಹಳ ಜನರಿಗೆ ಗೊತ್ತಿತ್ತು, ಅಂದ್ರೆ ಮೊದಲ ಹಂತ ಮುಗಿದಿತ್ತು. ತುಂಬಾ ಜನ ನಿಂತುಬಿಟ್ಟಿದ್ದು ಎರಡನೇ ಹಂತದ ಹೊಸ್ತಿಲಲ್ಲಿ. "ಕಾಸು ಕೈಗೆ ಬರ್ದೆ ಯಾಪಾರ ಯಂಗಾಯ್ತದಣ್ಣ?" ಅಂತ ಮಂಡ್ಯದ ಸಂತೆಯಲ್ಲಿ ಸೊಪ್ಪು ಮಾರುವವರೊಬ್ಬರು ಆಗ ಕೇಳಿದ್ದರು. ತಕ್ಕ ಪ್ರಶ್ನೆಯೇ ಅದು.

ಸಾಂಕ್ರಾಮಿಕ ರೋಗದ ಜೋರು ಕಾಣೋದು ಈ ಎರಡನೇ ಹಂತದಲ್ಲಿ. ಮೂರನೆಯದರ ಮೇಲೆ ಅದರ ಕೈ ಅಷ್ಟಾಗಿ ನಡೆಯುವುದಿಲ್ಲ.

ಕಟ್ಟೆಯಲ್ಲಿ ನೀರು ಮೊದಲೇ ನಿಂತಿತ್ತು

ಕೆಆರ್‌ಎಸ್ ತುಂಬಿ ತುಳುಕುತ್ತಿದ್ದರೂ ತೂಬು ಎತ್ತುವವರೆಗೆ ವಿಶ್ವೇಶ್ವರಯ್ಯ ನಾಲೆಗೆ ನೀರು ಬರುವುದಿಲ್ಲ. ಹಾಗೇ ಕಟ್ಟೆ ಖಾಲಿ ಇದ್ದಾಗ ತೂಬು ಎತ್ತಿದರೂ ಉಪಯೋಗವಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಎತ್ತಿದ್ದು ತೂಬು. ನೀರು ತುಂಬುವ ಕೆಲಸ ಅದಕ್ಕೂ ಎಷ್ಟೋ ವರ್ಷ ಮುಂಚೆಯಿಂದ ನಡೆದಿತ್ತು.

ಲೆಕ್ಕ ಹಾಕಿ ನೋಡಿ. 2014ರ ಆಗಸ್ಟ್‌ನಲ್ಲಿ ಜನಧನ ಯೋಜನೆ ಬಂದು ಬ್ಯಾಂಕ್ ಮೆಟ್ಟಿಲು ಹತ್ತದವರಿಗೂ ಖಾತೆ ಆಯಿತು. ಅಷ್ಟರಲ್ಲಿ ಆಧಾರ್ ಇತ್ತು. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ರೇಟು ದಬಕ್ಕನೆ ಬಿತ್ತು. 2020ರ ಜನವರಿ 1ರಿಂದ ಯುಪಿಐನಲ್ಲಿ ದುಡ್ಡು ತೊಗೊಂಡರೆ ಅಂಗಡಿಯವರು ಬ್ಯಾಂಕಿಗೆ ಕಮಿಷನ್ ಕೊಡಬೇಕಿಲ್ಲ ಅಂತ ಸರ್ಕಾರ ನಿಯಮ ಮಾಡಿತು. ಇದಾಗಿ ಮೂರು ತಿಂಗಳಿಗೆ ಲಾಕ್‌ಡೌನ್.

2009ರಲ್ಲಿ ಎಚ್1ಎನ್1 ಬಂದಿತ್ತಲ್ಲ, ಹಂದಿಜ್ವರ ಅಂತಿದ್ದರು. ಆಗಲೂ ಜನ ಹೆದರಿದರು, ಮಾಸ್ಕ್ ಹುಡುಕಿಕೊಂಡು ಮೆಡಿಕಲ್ ಸ್ಟೋರ್ ಸುತ್ತಿದರು. ಆದರೆ ಮನೆಯಿಂದ ಪಾಠ, ಮನೆಯಿಂದ ಆಫೀಸು ಅನ್ನೋ ಮಾತೇ ಏಳಲಿಲ್ಲ. ಏಳೋಕೆ ಕಟ್ಟೆಯಲ್ಲಿ ನೀರೇ ಇರಲಿಲ್ಲ. ಹಾಗಾಗಿ 'ಕೊರೊನಾ ಹೊಸ ತಂತ್ರಜ್ಞಾನ ತಂತು' ಅನ್ನೋದು ಸರಿಯಲ್ಲ. ಜೂಮ್ ಕೂಡ ಮೊದಲೇ ಇತ್ತು. 2019ರ ಡಿಸೆಂಬರ್‌ನಲ್ಲಿ ಅದರ ಮೀಟಿಂಗ್‌ಗಳಿಗೆ ದಿನಕ್ಕೆ ಸೇರುತ್ತಿದ್ದವರ ಲೆಕ್ಕ ಒಂದು ಕೋಟಿ, 2020ರ ಏಪ್ರಿಲ್ ಹೊತ್ತಿಗೆ ಅದು ಮೂವತ್ತು ಕೋಟಿ. ನಾಲ್ಕು ತಿಂಗಳಲ್ಲಿ ಆ ಆ್ಯಪ್ ಮೂವತ್ತು ಪಟ್ಟು ಚೆನ್ನಾಗಾಯಿತು ಅಂತೇನಲ್ಲ. ಹೊರಗೆ ಹೋಗೋ ದಾರಿ ಮುಚ್ಚಿತು, ಅಷ್ಟೆ.

ನಾಲೆಯ ಕೊನೆ ಭಾಗದವರ ಕಥೆ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಹೆದರಿಕೆ ಏನು ಮಾಡುತ್ತೆ, ಏನು ಮಾಡಲ್ಲ

1950ರ ದಶಕದಲ್ಲಿ ಅಮೆರಿಕದ ಆರೋಗ್ಯ ಇಲಾಖೆಗೆ ಒಂದು ತಲೆನೋವು ಬಂತು. ಕ್ಷಯರೋಗ ಪತ್ತೆಗೆ ಎಕ್ಸ್-ರೇ ಗಾಡಿಗಳನ್ನು ಜನರ ಹತ್ತಿರಕ್ಕೇ ಕಳಿಸಿದರು. ಫ್ರೀ ಬೇರೆ. ಆದರೂ ಜನ ಬರಲಿಲ್ಲ. ಯಾಕೆ ಅಂತ ಹುಡುಕಿದ ಮನಶ್ಶಾಸ್ತ್ರಜ್ಞರಿಗೆ ಗೊತ್ತಾಗಿದ್ದು ಇಷ್ಟು: ರೋಗದ ವಿಷಯದಲ್ಲಿ ಮನುಷ್ಯ ಏನಾದರೂ ಮಾಡುವ ಮುಂಚೆ ಒಳಗೊಳಗೇ ಕೆಲವು ಲೆಕ್ಕ ಹಾಕುತ್ತಾನೆ. ಇದು ನನಗೂ ಬರುತ್ತಾ? ಬಂದರೆ ಎಷ್ಟು ಕೆಟ್ಟದು? ನೀವು ಹೇಳಿದ್ದು ಮಾಡಿದರೆ ತಪ್ಪುತ್ತಾ? ಮಾಡೋಕೆ ಎಷ್ಟು ತಾಪತ್ರಯ? ಇದರ ಮೇಲೆ ಒಂದು ಚುರುಕು ಮುಟ್ಟಬೇಕು. ಗೊತ್ತಿರುವವರೊಬ್ಬರು ಹಾಸಿಗೆ ಹಿಡಿಯೋದು, ಪಕ್ಕದ ಬೀದಿಗೆ ಆಂಬುಲೆನ್ಸ್ ಬರೋದು, ಅಂಥದ್ದು.

ಮೈಸೂರಿನಲ್ಲಿ ಆ ಚುರುಕು ಮುಟ್ಟಿದ್ದು 2020ರ ಮಾರ್ಚ್ ಕೊನೆಯಲ್ಲಿ. ಅಲ್ಲಿಯವರೆಗೆ ಕೊರೊನಾ ಅಂದ್ರೆ ಚೀನಾದ್ದು, ಜಾಸ್ತಿ ಅಂದ್ರೆ ಬೆಂಗಳೂರು ಏರ್‌ಪೋರ್ಟಿನದ್ದು. ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಪಾಸಿಟಿವ್ ಬಂತು. ಮುಂದಿನ ದಿನಗಳಲ್ಲಿ ಜಿಲ್ಲೆಯಲ್ಲಿ ಸಿಕ್ಕ ಪ್ರಕರಣಗಳಲ್ಲಿ ಬಹುಪಾಲು ಆ ಕಾರ್ಖಾನೆಯ ನಂಟಿನವೇ. ನಂಜನಗೂಡು ಅಂದ್ರೆ ಯಾರಿಗೆ ದೂರ? 'ನನಗೂ ಬರುತ್ತಾ' ಅನ್ನೋ ಪ್ರಶ್ನೆಗೆ ಒಂದೇ ರಾತ್ರಿಯಲ್ಲಿ ಉತ್ತರ ಬದಲಾಯಿತು.

ಆದರೆ ಹೆದರಿಕೆಗೆ ಎರಡು ಕೊರತೆ ಇವೆ. ಒಂದು, ಅದು ಬೇಗ ಹಳಸುತ್ತದೆ. ದಿನಾ ಟಿವಿಯಲ್ಲಿ ಅದೇ ನಂಬರ್ ನೋಡಿ ನೋಡಿ ಮನಸ್ಸು ಒಗ್ಗಿಬಿಡುತ್ತದೆ. ಮೊದಲ ಅಲೆಯಲ್ಲಿ ಹತ್ತು ಕೇಸಿಗೆ ಬಾಗಿಲು ಹಾಕಿಕೊಂಡವರು, ಕೆಲವು ತಿಂಗಳಾದ ಮೇಲೆ ನೂರಾರು ಕೇಸಿದ್ದರೂ ಮದುವೆಮನೆಯಲ್ಲಿ ಪಂಕ್ತಿಗೆ ಕೂತಿದ್ದರು.

ಎರಡನೆಯದು ಇನ್ನೂ ಮುಖ್ಯ. ಹೆದರಿಕೆ 'ಏನಾದರೂ ಮಾಡು' ಅನ್ನುತ್ತದೆಯೇ ಹೊರತು 'ಇದನ್ನು ಮಾಡು' ಅನ್ನುವುದಿಲ್ಲ. ನೋಟಿನಿಂದ ರೋಗ ಅಂಟುತ್ತದೆ ಅಂತ ಜನ ಹೆದರಿ ಯುಪಿಐಗೆ ಬಂದರು ಅನ್ನೋ ಮಾತು ಕೇಳಿರುತ್ತೀರಿ. ಅಂಕಿ ನೋಡಿದರೆ ಅಷ್ಟು ಸಲೀಸಾಗಿಲ್ಲ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 125 ಕೋಟಿ ಯುಪಿಐ ವಹಿವಾಟು ನಡೆದಿತ್ತು. ಹೆದರಿಕೆ ನೆತ್ತಿಗೇರಿದ್ದ ಏಪ್ರಿಲ್‌ನಲ್ಲಿ ಅದು 100 ಕೋಟಿಗೆ ಇಳಿಯಿತು! ಅಂಗಡಿಯೇ ಮುಚ್ಚಿದ್ದರೆ ಸ್ಕ್ಯಾನ್ ಮಾಡೋದು ಎಲ್ಲಿ? ಬೀಗ ತೆಗೆದ ಮೇಲೆ ಜೂನ್‌ನಲ್ಲಿ 134 ಕೋಟಿ, ಅಕ್ಟೋಬರ್‌ನಲ್ಲಿ 207 ಕೋಟಿ. ಅಂದ್ರೆ ಜೋರಾಗಿ ಏರಿದ್ದು ಜನ ಮತ್ತೆ ಹೊರಗೆ ಬಂದು ವ್ಯಾಪಾರ ಶುರು ಮಾಡಿದಾಗ. ಇನ್ನೊಂದು ತಮಾಷೆ ನೋಡಿ, ಅದೇ 2020-21ರಲ್ಲಿ ದೇಶದಲ್ಲಿ ಚಲಾವಣೆಯಲ್ಲಿದ್ದ ನೋಟಿನ ಮೌಲ್ಯವೂ ಸುಮಾರು ಶೇ. 17ರಷ್ಟು ಜಾಸ್ತಿಯಾಯಿತು. ಆಸ್ಪತ್ರೆ ಖರ್ಚು ಬಂದರೆ ಇರಲಿ ಅಂತ ಜನ ದುಡ್ಡು ಬಿಡಿಸಿ ಮನೆಯಲ್ಲಿಟ್ಟುಕೊಂಡರು. ಒಂದೇ ಹೆದರಿಕೆ ಒಬ್ಬರನ್ನು ಮೊಬೈಲ್ ಕಡೆ ತಳ್ಳಿತು, ಇನ್ನೊಬ್ಬರನ್ನು ಬೀರು ಕಡೆ. ಎಷ್ಟೋ ಮನೆಯಲ್ಲಿ ಎರಡನ್ನೂ ಒಬ್ಬರೇ ಮಾಡಿದರು.

ಹಳೇ ದಾರಿ ಮುಚ್ಚಿದಾಗ

ಹಾಗಾದರೆ ಜನರನ್ನು ದಾಟಿಸಿದ್ದು ಏನು? ಹಳೇ ದಾರಿ ಮುಚ್ಚಿದ್ದು.

ಇದನ್ನು ಅರ್ಥ ಮಾಡಿಕೊಳ್ಳೋಕೆ ರೋಗವೇ ಇಲ್ಲದ ಒಂದು ಘಟನೆ ಚೆನ್ನಾಗಿದೆ. 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲಿನ ನೌಕರರು ಎರಡು ದಿನ ಮುಷ್ಕರ ಮಾಡಿದರು. ಎಷ್ಟೋ ನಿಲ್ದಾಣ ಮುಚ್ಚಿದವು. ಜನ ಬೇರೆ ದಾರಿ ಹುಡುಕಿಕೊಂಡು ಆಫೀಸಿಗೆ ಹೋದರು. ಮುಷ್ಕರ ಮುಗಿದ ಮೇಲೆ ಅರ್ಥಶಾಸ್ತ್ರಜ್ಞರು ಪ್ರಯಾಣದ ಕಾರ್ಡುಗಳ ಲೆಕ್ಕ ತೆಗೆದು ನೋಡಿದರು. ನೂರರಲ್ಲಿ ಸುಮಾರು ಐದು ಮಂದಿ ಹಳೇ ದಾರಿಗೆ ವಾಪಸ್ ಬಂದೇ ಇರಲಿಲ್ಲ. ಹೊಸ ದಾರಿಯೇ ಅವರಿಗೆ ವಾಸಿ ಅನ್ನಿಸಿತ್ತು. ಆ ದಾರಿ ಮೊದಲಿನಿಂದಲೂ ಅಲ್ಲೇ ಇತ್ತಲ್ಲ! ವರ್ಷಾನುಗಟ್ಟಲೆ ದಿನಾ ಓಡಾಡಿದವರಿಗೂ ಅದನ್ನು ಒಂದು ಸಲ ಪ್ರಯತ್ನಿಸಬೇಕು ಅನ್ನಿಸಿರಲಿಲ್ಲ.

ಇಲ್ಲಿ ಎರಡು ಪಾಲು ನೋಡಬೇಕು. ಐದು ಮಂದಿ ಬದಲಾದರು, ಸರಿ. ತೊಂಬತ್ತೈದು ಮಂದಿ ವಾಪಸ್ ಹೋದರು. ಒತ್ತಾಯದ ಬದಲಾವಣೆಯಲ್ಲಿ ಸಾಮಾನ್ಯವಾಗಿ ಹೀಗೇ ಆಗೋದು, ಬಹುಪಾಲು ಜನ ಹಳೆಯದಕ್ಕೇ ಮರಳುತ್ತಾರೆ.

ಹೊಸ ವಸ್ತು ಬಳಸುವ ಬಗ್ಗೆ 1989ರಲ್ಲಿ ಫ್ರೆಡ್ ಡೇವಿಸ್ ಅನ್ನೋ ಸಂಶೋಧಕರು ಸರಳವಾದ ಒಂದು ಮಾತು ಹೇಳಿದರು. ಜನ ನೋಡೋದು ಎರಡನ್ನೇ: ಇದರಿಂದ ನನಗೆ ಉಪಯೋಗ ಇದೆಯಾ, ಇದು ಸುಲಭವಾ. ಇಲ್ಲಿ ಗಮನಿಸಬೇಕಾದ್ದು, ಅವರು ಹೇಳಿದ್ದು ನಿಜವಾದ ಸುಲಭದ ಬಗ್ಗೆ ಅಲ್ಲ, ಸುಲಭ ಅಂತ ನಮಗೆ ಅನ್ನಿಸೋದರ ಬಗ್ಗೆ. ಮುಟ್ಟದೆ ದೂರ ನಿಂತು ನೋಡುವವರಿಗೆ ಎಲ್ಲವೂ ಕಷ್ಟ ಅನ್ನಿಸುತ್ತದೆ. ತಪ್ಪು ಬಟನ್ ಒತ್ತಿದರೆ ದುಡ್ಡು ಹೋಗಿಬಿಡುತ್ತೆ, ಪಿನ್ ಮರೆತುಹೋಗುತ್ತೆ, ಮೊಮ್ಮಕ್ಕಳ ಮುಂದೆ ನಗೆಪಾಟಲಾಗುತ್ತೆ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ನನ್ನ ಪ್ರಕಾರ ವಯಸ್ಸಾದವರನ್ನು ತಡೆಯೋದು ಜಾಸ್ತಿ ಅದೇ.

ಶ್ರೀರಂಗಪಟ್ಟಣದಲ್ಲಿರುವ ನಮ್ಮ ದೊಡ್ಡಮ್ಮ ಟಚ್ ಫೋನ್ ಮುಟ್ಟುತ್ತಿರಲಿಲ್ಲ. "ನಂಗ್ಯಾಕಪ್ಪ ಅದು, ಮಾತಾಡಕ್ಕೆ ಈ ಫೋನೇ ಸಾಕು" ಅನ್ನುತ್ತಿದ್ದರು. ಲಾಕ್‌ಡೌನ್‌ನಲ್ಲಿ ಮಗಳ ಹೆರಿಗೆ ಆಯಿತು, ಮೈಸೂರಿಗೆ ಹೋಗೋ ಹಾಗಿಲ್ಲ. ಪಕ್ಕದ ಮನೆ ಹುಡುಗಿ ವಿಡಿಯೋ ಕಾಲ್ ಹಾಕಿಕೊಟ್ಟಳು. ಮೊದಲ ದಿನ ಫೋನನ್ನು ಕಿವಿಗೇ ಇಟ್ಟುಕೊಂಡಿದ್ದರು, ಅತ್ತ ಕಡೆ ಬರೀ ಓಲೆ ಕಾಣಿಸುತ್ತಿತ್ತು. ಒಂದೇ ವಾರಕ್ಕೆ ಮಗುವಿಗೆ ಎಣ್ಣೆ ಹೇಗೆ ತೀಡಬೇಕು ಅಂತ ಫೋನ್‌ನಲ್ಲೇ ಗದರಿಸುತ್ತಿದ್ದರು. ಅವರು ಕೊರೊನಾಕ್ಕೆ ಹೆದರಿ ಕಲಿತದ್ದಲ್ಲ. ಮಗು ನೋಡೋಕೆ ಬೇರೆ ದಾರಿ ಇರಲಿಲ್ಲ.

ನೋಟು ಅಮಾನ್ಯ ಆದಾಗಲೂ ದಾರಿ ಮುಚ್ಚಿತ್ತಲ್ಲ ಅಂತ ನೀವು ಕೇಳಬಹುದು. 2016ರ ನವೆಂಬರ್ 8. ಹೌದು, ಆಗ ನಗರಗಳಲ್ಲಿ ಒಂದಷ್ಟು ಜನ ದಾಟಿದರು. ಆದರೆ ಯುಪಿಐ ಆಗಿನ್ನೂ ಕೂಸು, ಎಷ್ಟೋ ಜನರ ಕೈಯಲ್ಲಿ ಸ್ಮಾರ್ಟ್‌ಫೋನೇ ಇರಲಿಲ್ಲ. ಹೊಸ ನೋಟು ಬಂದ ತಕ್ಷಣ ಬಹಳಷ್ಟು ಜನ ನೋಟಿಗೇ ಮರಳಿದರು.

ಪಕ್ಕದ ಗದ್ದೆ ನೋಡುವ ಬುದ್ಧಿ

ಅಮೆರಿಕದ ಅಯೋವಾದಲ್ಲಿ 1928ರ ಸುಮಾರಿಗೆ ಹೈಬ್ರಿಡ್ ಮೆಕ್ಕೆಜೋಳದ ಬೀಜ ಬಂತು. ಇಳುವರಿ ಜಾಸ್ತಿ, ಬರ ತಡೆಯುವ ಶಕ್ತಿಯೂ ಇತ್ತು. ಎರಡು ಊರುಗಳ 259 ರೈತರನ್ನು ವಿಚಾರಿಸಿ 1943ರಲ್ಲಿ ಇಬ್ಬರು ಸಮಾಜಶಾಸ್ತ್ರಜ್ಞರು ಬರೆದ ವರದಿ ಪ್ರಕಾರ, 1941ರ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರೂ ಆ ಬೀಜ ಹಾಕಿದ್ದರು. ಅಂಥ ಒಳ್ಳೆ ಬೀಜಕ್ಕೂ ಹತ್ತಿರ ಹತ್ತಿರ ಹದಿಮೂರು ವರ್ಷ ಹಿಡಿಯಿತು. ಬೀಜದ ಸುದ್ದಿ ರೈತರಿಗೆ ಮೊದಲು ತಲುಪಿಸಿದ್ದು ಕಂಪನಿಯ ಮಾರಾಟಗಾರರು. ಒಪ್ಪಿಸಿದ್ದು ಮಾತ್ರ ಅಕ್ಕಪಕ್ಕದ ರೈತರು.

ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಿಂದ ಕೆಆರ್‌ಎಚ್-2 ಹೈಬ್ರಿಡ್ ಭತ್ತ ಬಂದಾಗ ಎಲ್ಲರೂ ಅದೇ ದಿನ ನಾಟಿಗೆ ಇಳಿದರಾ? ಪಕ್ಕದ ಗದ್ದೆಯವರು ಹಾಕಲಿ, ತೆನೆ ನೋಡೋಣ, ಮಿಲ್ಲಿನವರು ಏನು ರೇಟು ಕೊಡ್ತಾರೆ ಕೇಳೋಣ ಅನ್ನೋದು ರೈತರ ರೀತಿ. ಅದು ಹಿಂದುಳಿದ ಬುದ್ಧಿಯಲ್ಲ. ಬೇರೆಯವರ ಖರ್ಚಿನಲ್ಲಿ ನಡೆಯೋ ಪರೀಕ್ಷೆಯನ್ನು ನೋಡಿಕೊಳ್ಳೋ ಜಾಣತನ.

ರೋಗದ ಕಾಲದಲ್ಲಿ ಈ ಹದಿಮೂರು ವರ್ಷದ ಕೆಲಸ ಕೆಲವೇ ತಿಂಗಳಲ್ಲಿ ಆಗುತ್ತದೆ. ಯಾಕಂದ್ರೆ ಅಕ್ಕಪಕ್ಕದವರೆಲ್ಲ ಒಂದೇ ಸಲ ಅದೇ ಪರೀಕ್ಷೆಗೆ ಕೂತಿರುತ್ತಾರೆ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ಬೀಜ ನೀವೊಬ್ಬರೇ ಹಾಕಿದರೂ ಬೆಳೆ ಬರುತ್ತದೆ. ಯುಪಿಐ ನೀವೊಬ್ಬರೇ ಇಟ್ಟುಕೊಂಡರೆ ಮೂರು ಕಾಸಿನ ಉಪಯೋಗ ಇಲ್ಲ. ಗಿರಾಕಿ ಹತ್ತಿರ ಇದ್ದರೆ ಅಂಗಡಿಯವರಿಗೆ ಬೇಕು, ಅಂಗಡಿಯಲ್ಲಿ ಇದ್ದರೆ ಗಿರಾಕಿಗೆ ಬೇಕು. ಇಬ್ಬರೂ 'ನೀನು ಮೊದಲು' ಅಂತ ಕಾಯುತ್ತಿದ್ದರು. ಕೊರೊನಾ ಇಬ್ಬರನ್ನೂ ಒಟ್ಟಿಗೆ ನೂಕಿತು. ಹಾಗೆ ಬಂದ ಮೇಲೆ ವಾಪಸ್ ಹೋಗೋಕೂ ಒಬ್ಬರಿಂದ ಆಗುವುದಿಲ್ಲ. 2025ರ ಜುಲೈನಲ್ಲಿ 'ಓನ್ಲಿ ಕ್ಯಾಶ್' ಬೋರ್ಡ್ ಹಾಕಿದ ಅಂಗಡಿಯಿಂದ ಗಿರಾಕಿ ಪಕ್ಕದ ಅಂಗಡಿಗೆ ನಡೆದ. ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ಮಾಡಿ ಹಳೇ ಬಾಕಿ ಕೇಳಲ್ಲ ಅಂದಮೇಲೆ ಗಾಬರಿ ಇಳಿಯಿತು, ಸ್ಕ್ಯಾನರ್ ಮತ್ತೆ ಕೌಂಟರ್ ಮೇಲೆ ಬಂತು.

ನಂಬಿಕೆಯ ಪ್ರಶ್ನೆ ಹೇಗೆ ಬಗೆಹರಿಯಿತು ಅಂತ ನೋಡಬೇಕಾದರೆ ಮದ್ದೂರಿನ ಹತ್ತಿರ ಎಳನೀರು ಕುಡಿಯೋಕೆ ಗಾಡಿ ನಿಲ್ಲಿಸಿ. ಎಳನೀರು ಕೊಚ್ಚುವವರ ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕಾಯಿ. ಎರಡೂ ಕೈ ಒದ್ದೆ. ನೋಟು ತೊಗೊಳ್ಳಬೇಕಾದರೆ ಮಚ್ಚು ಕೆಳಗಿಟ್ಟು, ಟವೆಲ್‌ಗೆ ಕೈ ಒರೆಸಿ, ಗೋಣಿ ಕೆಳಗಿನ ಡಬ್ಬದಲ್ಲಿ ಚಿಲ್ಲರೆ ಹುಡುಕಬೇಕು. ಈಗ ಗಾಡಿಯ ಕಂಬಿಗೆ ಬಿಸಿಲಿಗೆ ಬಣ್ಣ ಹೋದ ಕ್ಯೂಆರ್ ಹಾಳೆ ನೇತಾಡುತ್ತಿರುತ್ತದೆ, ಪಕ್ಕದಲ್ಲಿ ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರ್ ಸುತ್ತಿದ ಸೌಂಡ್ ಬಾಕ್ಸ್. ಅದು ಕನ್ನಡದಲ್ಲಿ ಇಷ್ಟು ರೂಪಾಯಿ ಬಂತು ಅಂತ ಕೂಗುತ್ತದೆ. ಅವರು ತಲೆ ಎತ್ತದೆ ಮುಂದಿನ ಕಾಯಿಗೆ ಮಚ್ಚು ಹಾಕುತ್ತಾರೆ. 'ಕಾಸು ಕೈಗೆ ಬರ್ದೆ' ಅನ್ನೋ ಪ್ರಶ್ನೆಗೆ ಆ ಡಬ್ಬಿ ಕೊಟ್ಟ ಉತ್ತರ ಅದು. ಗಿರಾಕಿ ತೋರಿಸೋ ಸ್ಕ್ರೀನ್ ನಂಬಬೇಕಿಲ್ಲ, ಓದೋಕೆ ಬರದಿದ್ದರೂ ತೊಂದರೆಯಿಲ್ಲ. ಯುಪಿಐ ಹಳ್ಳಿಗೆ ಇಳಿದಿದ್ದರಲ್ಲಿ ಈ ಸಣ್ಣ ಡಬ್ಬಿಯ ಪಾಲು ದೊಡ್ಡದು ಅಂತ ನನಗನ್ನಿಸುತ್ತದೆ.

ಪಕ್ಕದವರನ್ನು ನೋಡಿ ಕಲಿಯೋ ಹಾಗೆ ದೊಡ್ಡವರನ್ನು ನೋಡಿಯೂ ಜನ ಕಲಿಯುತ್ತಾರೆ. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆ ಬಿದ್ದಿದ್ದು 1802ರ ಜೂನ್‌ನಲ್ಲಿ, ಮುಂಬೈನ ಮೂರು ವರ್ಷದ ಮಗುವಿಗೆ. ಜನಕ್ಕೆ ಅದರ ಮೇಲೆ ಭಾರೀ ಅನುಮಾನ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ ಮೈಸೂರು ಅರಮನೆಯ ರಾಣಿಯರ ಚಿತ್ರ ಬರೆದ. ಅದರಲ್ಲಿ ಒಬ್ಬ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಇರಬೇಕು, ತೋರಿಸುತ್ತಿರೋದು ಲಸಿಕೆ ಹಾಕಿಸಿಕೊಂಡ ಜಾಗ ಇರಬೇಕು ಅಂತ ಕೆಲವು ಚರಿತ್ರೆಕಾರರು ಓದಿದ್ದಾರೆ. ರಾಣಿಯೇ ಹಾಕಿಸಿಕೊಂಡಳು ಅನ್ನೋ ಸುದ್ದಿಗೆ ಇರೋ ಬಲ ಡಂಗುರಕ್ಕೆ ಇಲ್ಲ.

ಕಣ್ಣಿಗೆ ಕಾಣದ ಲಾಭ

ಈಗ ಮಾಸ್ಕ್ ವಿಷಯಕ್ಕೆ ಬರೋಣ. ಅದನ್ನೂ ಎಲ್ಲರೂ ಒಟ್ಟಿಗೇ ಶುರು ಮಾಡಿದರು, ಪಕ್ಕದವರೂ ಹಾಕಿದ್ದರು. ಆದರೂ ಹೋಯಿತು.

ಯುಪಿಐ ಒತ್ತಿದರೆ ಡಬ್ಬಿ ಕೂಗುತ್ತದೆ, ಕೆಲಸ ಆಯಿತು ಅಂತ ಗೊತ್ತಾಗುತ್ತದೆ. ಮಾಸ್ಕ್ ಹಾಕಿದ ದಿನ ಏನಾಗುತ್ತದೆ? ಏನೂ ಆಗುವುದಿಲ್ಲ. ಆ ಏನೂ ಆಗದಿರೋದೇ ಅದರ ಲಾಭ. ಬಾರದ ಜ್ವರವನ್ನು ಯಾರೂ ಎಣಿಸುವುದಿಲ್ಲ. ಆದರೆ ಕಿವಿ ನೋವು, ಕನ್ನಡಕದ ಮೇಲೆ ಕೂರೋ ಮಂಜು, ಬೆವರು ಇವೆಲ್ಲ ಹಾಕಿದ ತಕ್ಷಣ ಗೊತ್ತಾಗುತ್ತವೆ. ತೊಂದರೆ ಇವತ್ತು, ಲಾಭ ಯಾವತ್ತೋ, ಅದೂ ಕಾಣಲ್ಲ. ಇಂಥ ಲೆಕ್ಕದಲ್ಲಿ ಮನುಷ್ಯ ಸದಾ ಇವತ್ತಿನ ಕಡೆಗೇ ವಾಲುತ್ತಾನೆ.

ಡಾಕ್ಟರುಗಳೇ ಇದಕ್ಕೆ ಹೊರತಲ್ಲ. 1847ರಲ್ಲಿ ವಿಯೆನ್ನಾ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಅನ್ನೋ ವೈದ್ಯ ಹೆರಿಗೆ ವಾರ್ಡಿಗೆ ಹೋಗೋ ಮುಂಚೆ ಕ್ಲೋರಿನ್ ನೀರಿನಲ್ಲಿ ಕೈ ತೊಳೀಬೇಕು ಅಂತ ನಿಯಮ ಮಾಡಿದ. ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ಆದರೂ ಜೊತೆಯ ವೈದ್ಯರಲ್ಲಿ ಬಹಳ ಜನ ಒಪ್ಪಲಿಲ್ಲ. ರೋಗಾಣು ಅನ್ನೋ ವಿಚಾರವೇ ಆಗ ಇನ್ನೂ ಬಲ ಪಡೆದಿರಲಿಲ್ಲ, ಜೊತೆಗೆ 'ನಿಮ್ಮ ಕೈಯೇ ಸಾವಿಗೆ ಕಾರಣ' ಅಂತ ಕೇಳೋಕೆ ಯಾರಿಗೆ ಇಷ್ಟ?

1918ರ ಇನ್‌ಫ್ಲುಯೆಂಜಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಮಾಸ್ಕ್ ಕಡ್ಡಾಯ ಮಾಡಿತ್ತು. 1919ರಲ್ಲಿ ಅಲ್ಲಿ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿತು. ರೋಗ ಹೋಯಿತು, ಮಾಸ್ಕೂ ಹೋಯಿತು. ಆದರೆ ಹಾಂಗ್‌ಕಾಂಗ್‌ನಲ್ಲಿ 2003ರಲ್ಲಿ ಸಾರ್ಸ್ ಅನ್ನೋ ಉಸಿರಾಟದ ಸಾಂಕ್ರಾಮಿಕ ರೋಗ ಬಂದುಹೋದ ಮೇಲೆ ಬೇರೆ ಥರ ಆಯಿತು. ನೆಗಡಿಯಾದವರು ಮಾಸ್ಕ್ ಹಾಕಿಕೊಂಡು ಹೊರಗೆ ಬರೋದು ಅಲ್ಲಿ ಮರ್ಯಾದೆಯ ವಿಷಯವಾಗಿ ಉಳಿಯಿತು. 2020ರ ಜನವರಿಯಲ್ಲಿ ಸರ್ಕಾರ ಹೇಳೋಕೆ ಮುಂಚೆಯೇ ಜನ ಹಾಕಿಕೊಂಡಿದ್ದರು. ಕಣ್ಣಿಗೆ ಕಾಣದ ಲಾಭದ ಅಭ್ಯಾಸ ಉಳಿಯಬೇಕಾದರೆ ಅದು ಹೀಗೆ ನಡತೆಯ ಭಾಗ ಆಗಬೇಕು. ನಾವು ಚಪ್ಪಲಿ ಬಾಗಿಲಲ್ಲೇ ಬಿಡೋದು ರೋಗದ ಲೆಕ್ಕ ಹಾಕಿಯಾ? ಇಲ್ಲ. ಒಳಗೆ ಹಾಕಿಕೊಂಡು ಬಂದರೆ ಅಮ್ಮ ಬೈತಾರೆ, ಅದಕ್ಕೆ.

ಒತ್ತಾಯಕ್ಕೆ ಎಷ್ಟು ದಿನದ ಬಲ?

ಆರೋಗ್ಯ ಸೇತು ಆ್ಯಪ್ 2020ರ ಏಪ್ರಿಲ್ 2ರಂದು ಬಂತು. ಹದಿಮೂರೇ ದಿನದಲ್ಲಿ ಐದು ಕೋಟಿ ಜನ ಹಾಕಿಕೊಂಡರು. ಆಫೀಸಿಗೆ ಬೇಕು, ಓಡಾಟಕ್ಕೆ ಬೇಕು ಅಂತೆಲ್ಲ ಹೇಳಿದ ಮೇಲೆ ಇನ್ನೂ ಏರಿತು. ಇವತ್ತು ನಿಮ್ಮ ಫೋನಲ್ಲಿ ಇದೆಯಾ? ಗೇಟಿನಲ್ಲಿ ತೋರಿಸೋಕೆ ಅಂತ ಹಾಕಿಕೊಂಡಿದ್ದು, ಗೇಟು ತೆಗೆದ ದಿನ ಹೋಯಿತು. ತಾನಾಗಿ ತೆರೆದು ನೋಡೋಕೆ ಅದರಲ್ಲಿ ಜನರಿಗೆ ಏನೂ ಕಾಣಲಿಲ್ಲ.

ಒತ್ತಾಯ ತಿರುಗಿಬಿದ್ದಿದ್ದೂ ಇದೆ, ಅದೂ ನಮ್ಮ ನೆಲದಲ್ಲೇ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದಾಗ ರೋಗಿಗಳನ್ನು ಬೇರೆ ಮಾಡೋದು, ಮನೆ ಖಾಲಿ ಮಾಡಿಸೋದು ಅಂತ ಕಟ್ಟುನಿಟ್ಟು ನಡೆಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಜನ ಅದರ ವಿರುದ್ಧ ದಂಗೆ ಎದ್ದರು. ಮನೆಯವರನ್ನು ಎಲ್ಲಿಗೆ ಒಯ್ಯುತ್ತಾರೆ, ಯಾಕೆ ಒಯ್ಯುತ್ತಾರೆ ಅಂತ ಗೊತ್ತಿಲ್ಲದವರಿಗೆ ರೋಗಕ್ಕಿಂತ ಅಧಿಕಾರಿಯೇ ಭಯಂಕರವಾಗಿ ಕಂಡ.

ನಾಲೆಯ ಕೊನೆ ಭಾಗ

ಇಷ್ಟು ಹೊತ್ತು ದಾಟಿದವರ ಮಾತಾಯಿತು. ನಾಲೆಗೆ ನೀರು ಬಿಟ್ಟರೂ ಕೊನೆ ಭಾಗದ ಗದ್ದೆಗೆ ತಲುಪಲ್ಲ ಅಂತ ಮಳವಳ್ಳಿ ಕಡೆಯ ರೈತರು ಎಷ್ಟು ಸಲ ರಸ್ತೆಗೆ ಕೂತಿಲ್ಲ? ಇದೂ ಹಾಗೇ.

ಅಸರ್ ಅಂತ ಒಂದು ಸಮೀಕ್ಷೆ ಇದೆ, ದೇಶದ ಹಳ್ಳಿ ಮಕ್ಕಳ ಓದಿನ ಸ್ಥಿತಿ ನೋಡುತ್ತದೆ. ಅದರ ಪ್ರಕಾರ ಶಾಲೆಗೆ ಹೆಸರು ಹಚ್ಚಿದ ಹಳ್ಳಿ ಮಕ್ಕಳಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ. 36.5, 2020ರಲ್ಲಿ ಶೇ. 61.8. ಏರಿಕೆ ದೊಡ್ಡದೇ. ಆದರೂ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳ ಮನೆಯಲ್ಲಿ ಆಗ ಸ್ಮಾರ್ಟ್‌ಫೋನೇ ಇರಲಿಲ್ಲ. ಇದ್ದ ಮನೆಯ ಕಥೆ ಏನು? ಫೋನ್ ಒಂದು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಕಬ್ಬಿನ ಗದ್ದೆಯಲ್ಲಿ. ಬೆಳಗಿನ ಪಾಠ ರಾತ್ರಿ ಕೈಗೆ ಸಿಗುತ್ತದೆ, ಅಷ್ಟರಲ್ಲಿ ಡೇಟಾ ಮುಗಿದಿರುತ್ತದೆ. ಇಬ್ಬರು ಮಕ್ಕಳಿದ್ದರೆ ಅಣ್ಣನಿಗೆ ಮೊದಲು, ತಂಗಿಗೆ ಆಮೇಲೆ. ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಫೋನ್ ಇದ್ದರೂ ನೆಟ್‌ವರ್ಕ್ ಸಿಗಬೇಕಲ್ಲ.

ಇಂಥವರನ್ನು 'ಹೊಸದಕ್ಕೆ ಒಗ್ಗದವರು' ಅಂತ ಕರೆಯೋದು ಅನ್ಯಾಯ. ಮನಸ್ಸಿಲ್ಲದೆ ಬಿಡೋದು ಬೇರೆ, ಕೈಗೆಟುಕದೆ ಬಿಡೋದು ಬೇರೆ. ಅಂಕಿಅಂಶದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

2021ರ ಮೇ ತಿಂಗಳಲ್ಲಿ 18ರಿಂದ 44 ವಯಸ್ಸಿನವರಿಗೆ ಲಸಿಕೆ ಶುರುವಾದಾಗ ಸರ್ಕಾರದ ಲಸಿಕೆ ನೋಂದಣಿ ತಾಣ ಕೋವಿನ್‌ನಲ್ಲಿ ಆನ್‌ಲೈನ್ ಬುಕ್ ಮಾಡಿದವರಿಗೆ ಮಾತ್ರ ಅಂತಿತ್ತು. ಬೆರಳು ಚುರುಕಾದವರು ಪಕ್ಕದ ತಾಲೂಕಿನ ಸ್ಲಾಟನ್ನೂ ಹಿಡಿದರು, ಆ ತಾಲೂಕಿನವರೇ ಹೊರಗೆ ನಿಂತರು. ಮೇ 24ರಿಂದ ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅವಕಾಶ ಕೊಟ್ಟರು. ಲಸಿಕೆ ಹಳ್ಳಿಗೆ ತಲುಪಿದ್ದು ಆ್ಯಪ್‌ನಿಂದ ಅಂತ ಹೇಳೋಕಾಗಲ್ಲ, ಪಟ್ಟಿ ಹಿಡಿದು ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರಿಂದ. ಹಾಗೇ 2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತಂದ ವಿದ್ಯಾಗಮದಲ್ಲಿ ಮೇಷ್ಟ್ರುಗಳೇ ಮಕ್ಕಳ ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಅದು ಬೇರೆ ಮಾತು. ಆದರೆ ಹೊಸ ವಿಧಾನ ಅಂದ್ರೆ ಅದರಲ್ಲಿ ಕರೆಂಟ್ ಇರಲೇಬೇಕು ಅಂತೇನಿಲ್ಲ.

ಉಳಿಯೋಕೆ ಏನು ಬೇಕು

ಒಂದು ಕೆಲಸ ಅಭ್ಯಾಸ ಆಗೋಕೆ ಎಷ್ಟು ದಿನ ಬೇಕು? 21 ದಿನ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಸಿಕ್ಕ ನಡುವಿನ ಲೆಕ್ಕ 66 ದಿನ. ವ್ಯತ್ಯಾಸ ಮಾತ್ರ ಭಾರೀ, ಕೆಲವರಿಗೆ 18 ದಿನ, ಕೆಲವರಿಗೆ 254. ಊಟ ಆದಮೇಲೆ ನೀರು ಕುಡಿಯೋ ಥರದ ಸಣ್ಣ ಕೆಲಸ ಬೇಗ ಅಂಟುತ್ತದೆ, ವ್ಯಾಯಾಮದಂಥದ್ದು ನಿಧಾನ. ಒಂದೇ ಜಾಗ, ಒಂದೇ ಸಂದರ್ಭ ಮತ್ತೆ ಮತ್ತೆ ಸಿಗಬೇಕು. ಸ್ಕ್ಯಾನ್ ಮಾಡೋ ಸಂದರ್ಭ ದಿನಕ್ಕೆ ಎಷ್ಟು ಸಲ ಬರುತ್ತೆ ಲೆಕ್ಕ ಹಾಕಿ: ಹಾಲು, ಟೀ, ಆಟೋ, ತರಕಾರಿ. ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡೋ ಸಂದರ್ಭ ವರ್ಷಕ್ಕೆ ಎಲ್ಲೋ ಒಂದೆರಡು ಸಲ. ಯಾವುದು ಬೆರಳಿಗೆ ಅಂಟುತ್ತೆ ಅಂತ ಬೇರೆ ಹೇಳಬೇಕಾ?

ಇನ್ನೊಂದು ಪ್ರಶ್ನೆ ಇದೆ. ಹಳೆಯದರಲ್ಲಿ ನಮಗೆ ಏನು ಸಿಗುತ್ತಿತ್ತು? ಕೆಲಸ ಆದರೆ ಸಾಕು ಅನ್ನೋ ಕಡೆ ಹೊಸದು ಸುಲಭವಾಗಿ ಗೆಲ್ಲುತ್ತದೆ. ಕರೆಂಟ್ ಬಿಲ್ ಕಟ್ಟೋಕೆ ಚೆಸ್ಕಾಂ ಕೌಂಟರಿನ ಸಾಲಿನಲ್ಲಿ ನಿಲ್ಲೋದು ಯಾರಿಗೂ ಖುಷಿ ಕೊಡುತ್ತಿರಲಿಲ್ಲ, ಅದು ಹೋಗಿದ್ದಕ್ಕೆ ಯಾರೂ ಅಳಲಿಲ್ಲ. ದಸರಾ ಹಾಗಲ್ಲ. 2020ರ ಅಕ್ಟೋಬರ್ 26ರಂದು ಜಂಬೂ ಸವಾರಿ ಅರಮನೆ ಆವರಣದೊಳಗೇ ಮುಗಿಯಿತು. ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತ, ನೋಡೋಕೆ ಒಳಗೆ ಇದ್ದಿದ್ದು ಮುನ್ನೂರು ಜನರ ಲೆಕ್ಕ. ಉಳಿದವರೆಲ್ಲ ಟಿವಿ, ಮೊಬೈಲ್‌ನಲ್ಲಿ ನೋಡಿದರು. ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಗ್ಗೆಯಿಂದ ಬಿಸಿಲಲ್ಲಿ ಕಾದು, ಮುಂದಿನವರ ತಲೆ ಸಂದಿಯಲ್ಲಿ ನೋಡೋದಕ್ಕಿಂತ ಮೊಬೈಲ್‌ನಲ್ಲಿ ಅಂಬಾರಿ ಚೆನ್ನಾಗೇ ಕಾಣುತ್ತದೆ. ಆದರೂ 2022ರಲ್ಲಿ ಮೆರವಣಿಗೆ ರಸ್ತೆಗೆ ಬಂದಾಗ ಜನ ಮರ ಹತ್ತಿ ಕೂತಿದ್ದರು. ಜನ ಅಲ್ಲಿಗೆ ಹೋಗೋದು ಬರೀ ಆನೆ ನೋಡೋಕಲ್ಲ ಅಲ್ವಾ.

ಶಾಲೆಯೂ ಹೀಗೇ. ಪಾಠ ಮೊಬೈಲ್‌ನಲ್ಲಿ ಬಂತು, ಆದರೆ ಬಿಸಿಯೂಟ, ಆಟ, ಗೆಳೆಯರು, ಮಕ್ಕಳನ್ನು ಬಿಟ್ಟು ಕೂಲಿಗೆ ಹೋಗೋ ಅನುಕೂಲ ಬರಲಿಲ್ಲ. ಬಾಗಿಲು ತೆರೆದ ದಿನವೇ ಆನ್‌ಲೈನ್ ಕ್ಲಾಸ್ ಮುಗಿಯಿತು. ಮನೆಯಿಂದ ಆಫೀಸು ಮಾತ್ರ ನಡುವೆ ನಿಂತಿದೆ. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಐಟಿಯವರು ವಾರದಲ್ಲಿ ಕೆಲವು ದಿನ ಹೋಗ್ತಾರೆ, ಕೆಲವು ದಿನ ಇಲ್ಲ. ಅಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಕಂಪನಿ ಮತ್ತು ನೌಕರರ ನಡುವೆ ಇನ್ನೂ ಇತ್ಯರ್ಥ ಆಗಿಲ್ಲ.

ಕೊನೆಯದಾಗಿ, ಜನ ನೆನಪಿಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲದ ಹಾಗೆ ಉಳಿಯುವ ಬದಲಾವಣೆ ಒಂದಿದೆ. ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡರು, ರೋಗ ಇಳಿದ ಮೇಲೆ ಮನೆಗೆ ಬಂದರು. ಹೆದರಿಕೆ ಅಲ್ಲಿಗೆ ಮುಗಿಯಿತು. ಆದರೆ 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ಶುರುವಾಯಿತು. ಇಕ್ಕಟ್ಟಿನ ಕೇರಿ ಬಿಡಿಸಿ, ಗಾಳಿ ಬೆಳಕು ಬರೋ ಹಾಗೆ ಹೊಸ ಬಡಾವಣೆ, ಅಗಲ ರಸ್ತೆ, ಚರಂಡಿ ಮಾಡಿದರು. ಹಳೇ ಮೊಹಲ್ಲಾಗಳಲ್ಲಿ ಮನೆಗಳ ಹಿಂದೆ ಓಡುವ ಕನ್ಸರ್ವೆನ್ಸಿ ಗಲ್ಲಿಗಳು ನಗರದ ನೈರ್ಮಲ್ಯಕ್ಕೆ ಅಂತಲೇ ಬಿಟ್ಟ ಜಾಗ. ಅಲ್ಲಿ ವಾಸ ಮಾಡುವವರಿಗೆ ಪ್ಲೇಗ್ ನೆನಪಿರಬೇಕಿಲ್ಲ. ಕೊರೊನಾ ಕಾಲದಲ್ಲಿ ಆ ಥರ ನಿಯಮದಲ್ಲಿ ಕೂತಿದ್ದು ಫೋನ್‌ನಲ್ಲಿ ವೈದ್ಯ ಸಲಹೆ. ಡಾಕ್ಟರು ದೂರದಿಂದ ಔಷಧಿ ಬರೆದುಕೊಡಬಹುದಾ ಅನ್ನೋದರಲ್ಲಿ ಮೊದಲು ಸ್ಪಷ್ಟತೆ ಇರಲಿಲ್ಲ. 2020ರ ಮಾರ್ಚ್ 25ರಂದು, ದೇಶಕ್ಕೆ ಬೀಗ ಬಿದ್ದ ದಿನವೇ, ಅದಕ್ಕೆ ಮಾರ್ಗಸೂಚಿ ಬಂತು, ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಹೊರರೋಗಿ ಸೇವೆ ಶುರುವಾಯಿತು. ದಿನಾ ಯಾರೂ ಬಳಸಲ್ಲ. ಆದರೆ ನೀವು ಹಳ್ಳಿಯಲ್ಲಿದ್ದು, ತಜ್ಞ ವೈದ್ಯರು ಮೈಸೂರಿನಲ್ಲಿದ್ದು, ರಾತ್ರಿ ಬಸ್ಸು ಇಲ್ಲ ಅಂದ್ರೆ, ಫೋನ್‌ನಲ್ಲಿ ಅವರು ಕೊಟ್ಟ ಚೀಟಿಗೆ ಈಗ ನಿಯಮದ ಆಧಾರ ಇದೆ.